ಸಪ್ಪೆ ಪಲ್ಯಕ್ಕೆ ಉಪ್ಪು ಹಾಕಿದವರು ಯಾರು?

ಪವಾಡದ ಮಾತು ಬಂದರೆ ಎದ್ದು ಹೋಗುವ ಮನುಷ್ಯ ನಾನು. ಆದರೂ ಬೈರಿದೇವರಕೊಪ್ಪದಲ್ಲಿ, ನನ್ನ ತಂಗಿಯ ಗಂಡನ ಮನೆಯಲ್ಲಿ, ಒಂದು ಮಧ್ಯಾಹ್ನ ನಡೆದದ್ದನ್ನು ಹೇಳದೆ ನನಗೆ ಸಮಾಧಾನವಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತಂಗಿ ಶಾರದಾಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರು, ತಲೆಸಿಡಿತ, ಎದೆ ಡವಡವ. ಆ ಮನೆಯವರು ಅದನ್ನು ನಾಟಕ ಎಂದರು. ನಾಟಕವಂತೆ! ಕಡೆಗೆ ಸ್ಕ್ಯಾನಿಂಗ್‌ನಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಕಂಡಿತು. ಅದು ಸುರಿಸುವ ಹಾರ್ಮೋನಿನಿಂದ ಬಿಪಿ ಏರುತ್ತಿತ್ತು. ಡಾಕ್ಟರರು ಬಿಡಿಸಿ ಹೇಳಿದರು: ಮೊದಲು ಗುಳಿಗೆ ಕೊಟ್ಟು ರಕ್ತನಾಳ ಸಡಿಲಿಸಬೇಕು, ಆಮೇಲೆ ಆಪರೇಷನ್. ಸಡಿಲಾದ ನಾಳ ತುಂಬಿರಬೇಕು, ಅದಕ್ಕೇ ಈ ಗುಳಿಗೆ ನಡೆದಿರುವಾಗ ಉಪ್ಪು, ನೀರು ಹೆಚ್ಚು ಕೊಡಿ. ಇಲ್ಲದಿದ್ದರೆ ಗಡ್ಡೆ ತೆಗೆದ ಕೂಡಲೇ ಬಿಪಿ ಕುಸಿದು ಜೀವಕ್ಕೇ ಅಪಾಯ.

ಕೇಳಿದರೆ ತಾನೆ! ನಾನು ಹೋದಾಗ ತಂಗಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಿಂತಿದ್ದಳು. ಅಡುಗೆಮನೆಗೆ ಹೋಗಿ ಬದನೆಕಾಯಿ ಪಲ್ಯ ಬಾಯಿಗಿಟ್ಟೆ. ಸಪ್ಪೆ!

"ಅವ್ವಾರ, ಉಪ್ಪು ಹಾಕ್ರಿ ಅಂತ ಡಾಕ್ಟರು ಹೇಳಿಲ್ಲೇನ್ರಿ?"

"ಬಿಪಿ ಇದ್ದಾಕಿಗೆ ಯಾರರ ಉಪ್ಪು ಹಾಕ್ತಾರೇನ್ರಿ? ಎಷ್ಟ ಮಂದೀದು ಬಿಪಿ ನೋಡೇನಿ ನಾ," ಎಂದರು ತಂಗಿಯ ಅತ್ತೆ.

ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಯ ಬಾಗಿಲಲ್ಲೇ ಕುಳಿತು ಜಗಳಕ್ಕಿಳಿದೆ. ಅವರು ನನ್ನೆದುರು ಪಡಸಾಲೆಯಲ್ಲಿ, ತಂಗಿ ಮಂಚದ ಮೇಲೆ. ಅವಳ ಗಂಡ ಗೋಕುಲ ರಸ್ತೆಯ ಅಂಗಡಿಗೆ ಹೋಗಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಡುಗೆಮನೆಗೆ ಇನ್ನೊಂದು ಬಾಗಿಲೂ ಇಲ್ಲ.

ಜಗಳ ಮುಗಿಯಲಿಲ್ಲ, ಊಟದ ಹೊತ್ತಾಯಿತು. ಅತ್ತೆ ಆ ಪಲ್ಯದ ಪಾತ್ರೆಯನ್ನೇ ನನ್ನ ಕಣ್ಣೆದುರು ಎತ್ತಿ ತಂದು ಬಡಿಸಿದರು. ಒಂದು ತುತ್ತು ತಿಂದ ತಂಗಿ, "ಅಣ್ಣಾ, ಇವತ್ತ ಉಪ್ಪು ಛಲೋ ಬಿದ್ದೈತಿ," ಎಂದಳು.

ನಾನು ತಿಂದು ನೋಡಿದೆ. ಹದವಾದ ಉಪ್ಪು. ಅತ್ತೆಯೂ ತಿಂದು ನೋಡಿದರು.

"ದೇವರಾಣಿಗೂ ನಾ ಹಾಕಿಲ್ರಿ!"

ನಾನೂ ಹಾಕಿರಲಿಲ್ಲ.

"ನಮ್ಮ ಮನಿದೇವರ ಹಾಕ್ಯಾನ," ಎಂದು ಕೈಮುಗಿದ ಆ ಹೆಂಗಸು ಅಂದು ಸಂಜೆಯಿಂದ ತಾವೇ ಉಪ್ಪು ಹಾಕಿದರು. ಅಷ್ಟು ಓದಿದ ಡಾಕ್ಟರರು ಹೇಳಿದಾಗ ಹಾಕಲಿಲ್ಲ. ನಾನು ಗಂಟಲು ಹರಿದುಕೊಂಡಾಗ ಹಾಕಲಿಲ್ಲ. ಸೊಸೆ ಕಣ್ಣೆದುರೇ ತೂರಾಡಿದರೂ ಹಾಕಲಿಲ್ಲ!

ಆಪರೇಷನ್ ಸುಸೂತ್ರವಾಯಿತು. ತಂಗಿ ಈಗ ಗಟ್ಟಿಯಾಗಿದ್ದಾಳೆ. ಆ ಪಲ್ಯಕ್ಕೆ ಉಪ್ಪು ಎಲ್ಲಿಂದ ಬಂತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅದು ಬಾರದೆ ಹೋಗಿದ್ದರೆ ಅವರು ಸಪ್ಪೆ ಉಣಿಸಿಯೇ ನನ್ನ ತಂಗಿಯನ್ನು ಕಳೆದುಬಿಡುತ್ತಿದ್ದರು, ಅದು ಮಾತ್ರ ಚೆನ್ನಾಗಿ ಗೊತ್ತು.