ಔರಾದ್ ಬಿಟ್ಟು ಉಳಿದ ಜಿಲ್ಲೆ

ಹತ್ತಿಯ ಹೊಸ ತಳಿಗಳನ್ನು ಬೆಳೆಸಿ ನೋಡುವ ಕೆಲಸದಲ್ಲೇ ನನ್ನ ತಲೆ ಬೆಳ್ಳಗಾಗಿದೆ. ಹೋದ ಹಂಗಾಮಿನಲ್ಲಿ ಎರಡು ತಳಿಗಳನ್ನು ಮೂರು ಕಡೆ ಹಾಕಿದ್ದೆವು: ಬೀದರಿನ ನಮ್ಮ ಫಾರ್ಮಿನಲ್ಲಿ, ಭಾಲ್ಕಿಯ ಎರೆಹೊಲದಲ್ಲಿ, ಔರಾದಿನ ರೈತ ಅಕ್ಕನೊಬ್ಬರ ನೀರು ಹಿಡಿಯದ ಮುರುಮು ನೆಲದಲ್ಲಿ. ನಮ್ಮಲ್ಲಿ ತಳಿಗಳಿಗೆ ಬರೀ ಸಂಖ್ಯೆ. ಕಾಯಿ ಕಟ್ಟುವ ಹೊತ್ತಿಗೆ ಆ ಅಕ್ಕ ನಾಮಕರಣವನ್ನೇ ಮಾಡಿದ್ದರು: ಒಂದು ಅಳಿಯ, ಇನ್ನೊಂದು ಸೊಸೆ.

ಅಳಿಯನಿಗೆ ನೀರು ಗೊಬ್ಬರದ ಉಪಚಾರ ನಡೆದರೆ ಮೈತುಂಬ ಕಾಯಿ. ಬೀದರಿನಲ್ಲಿ ನಡೆಯಿತು, ಭಾಲ್ಕಿಯಲ್ಲೂ ನಡೆಯಿತು. ಔರಾದಿನಲ್ಲಿ ಮಳೆ ನಡುವೆ ಕೈಕೊಟ್ಟಾಗ ಮುನಿಸಿಕೊಂಡು ಹೂವು ಮೊಗ್ಗು ಎಲ್ಲ ಉದುರಿಸಿ ನಿಂತ. ಸೊಸೆ ಎಲ್ಲಿಯೂ ಮೆರೆಯಲಿಲ್ಲ, ಎಲ್ಲಿಯೂ ಸೋಲಲಿಲ್ಲ. ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಇಳುವರಿ. ಸ್ಥಿರ ತಳಿ ಅಂದರೆ ಅದೇ ಎಂದು ನಾನು ನಂಬಿದ್ದೆ.

ನಮ್ಮ ಸಾಹೇಬರದು ಬೇರೆ ಶಾಸ್ತ್ರ. ಔರಾದಿನಲ್ಲಿ ಬೆಳೆ ಕೆಟ್ಟಿದೆ, ಕೆಟ್ಟ ಪ್ರಯೋಗವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ವರದಿಯಿಂದ ಆ ಹೊಲವನ್ನೇ ಹೊಡೆದುಹಾಕಿ, ಅಲ್ಲಿ ಪ್ರಯೋಗ ಆಗಿಲ್ಲ ಎಂದು ಬರೆದರು. ಹೀಗೆ ಒಂದು ತಾಲೂಕು ತೆಗೆದ ಮೇಲೆ ಅಳಿಯ ಇಡೀ ಜಿಲ್ಲೆಗೆ ಸ್ಥಿರನಾದ. ಸೋಲಿಸುವ ಪೈಲ್ವಾನನನ್ನು ಅಖಾಡಕ್ಕೇ ಬಿಡದಿದ್ದರೆ ನಾನೂ ಅಜೇಯ ಎಂದು ಹೇಳಿದೆ. ಸಾಹೇಬರು ಚಹಾ ತರಿಸಿದರು.

ಬೀದರಿನ ನಮ್ಮ ಫಾರ್ಮಿನಲ್ಲಿ ಕರೆದಿದ್ದ ರೈತರ ಸಭೆಯಲ್ಲಿ ಅಳಿಯನ ಬೀಜ ಹಂಚುವಾಗ ಆ ಅಕ್ಕ ಎದ್ದು ನಿಂತರು.

“ಸಾಹೇಬ್ರ, ನಮ್ಮ ಹೊಲದಾಗ ಏನಾತಂತ ಹೇಳಲೇ ಇಲ್ಲಲ್ರಿ?”

“ಅಲ್ಲಿ ಪ್ರಯೋಗ ಫೇಲ್ ಆಗ್ಯಾದವ್ವ. ಲೆಕ್ಕಕ್ಕ ಹಿಡಿಯಂಗಿಲ್ಲ.”

“ಪ್ರಯೋಗ ಯಾಕ ಫೇಲ್ ಆಗ್ತದ್ರಿ? ಫೇಲ್ ಆದಾವ ನಿಮ್ಮ ಅಳಿಯ. ಈ ಸಲ ಆ ಹೊಲಕ್ಕ ನಾ ಏನ್ ಬಿತ್ತಲಿ? ನನಗ ಸೊಸಿ ಬೀಜ ಕೊಡ್ರಿ.”

ಆ ತಳಿಯನ್ನು ಕೈಬಿಟ್ಟಾಗಿದೆ ಎಂದರು ಸಾಹೇಬರು. ನಾನು ಎದ್ದೆ. ಉಗ್ರಾಣ ತೆಗೆದು, ಆ ಅಕ್ಕನ ಹೊಲದ ಹತ್ತಿಯಿಂದಲೇ ಬಿಡಿಸಿಟ್ಟಿದ್ದ ಸೊಸೆಯ ಬೀಜದ ಚೀಲ ತಂದು ಅವರ ಮುಂದಿಟ್ಟೆ. ಯಾರನ್ನು ಕೇಳಿ ಕೊಟ್ಟಿರಿ ಎಂದು ಸಾಹೇಬರು ಗದರಿದರು.

“ಔರಾದದಾಗ ಪ್ರಯೋಗನೇ ಆಗಿಲ್ಲಂತ ನೀವೇ ಬರ್ದೀರಿ, ಸರ್. ಆಗದ ಪ್ರಯೋಗದ ಬೀಜಕ್ಕ ಯಾರ್ನ ಕೇಳ್ಬೇಕ್ರಿ?”

ಅಕ್ಕ ಚೀಲ ಹೊತ್ತು ಔರಾದಿನ ಬಸ್ ಹತ್ತಿದರು. ಅದೇ ಬಸ್ಸಿನಲ್ಲಿ ಅವರ ಊರಿನ ಉಳಿದವರು ಅಳಿಯನ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಕಿಟಕಿಯಿಂದ ಕಿಟಕಿಗೆ ಹೋಗಿ ಅದನ್ನು ಬಿತ್ತಬೇಡಿ ಎಂದೆ. ಪುಕ್ಕಟೆ ಬೀಜ, ಮೇಲೆ ‘ಇಡೀ ಜಿಲ್ಲೆಗೆ’ ಎಂಬ ಸರ್ಕಾರಿ ಅಚ್ಚು. ನನ್ನ ಮಾತನ್ನು ಯಾರೂ ಕೇಳಲಿಲ್ಲ.