ಜೋಸ್‌ಗೆ ಸಿಗದ ಹುಲ್ಲುಗಾವಲು

ಸ್ವೇಲ್‌ಡೇಲ್ ಕಣಿವೆಯಲ್ಲಿ ಮೇವಿಸ್ ಆಲ್ಡರ್ಸನ್ ಎಂದರೆ ಹಾಲು, ಹಾಲೆಂದರೆ ಮೇವಿಸ್. ಗಂಡ ಸತ್ತ ಮೇಲೆ ಹಾಲಿನ ಗಾಡಿಯ ಲಗಾಮು ಹಿಡಿದವಳು ಮಂಡಿ ಸೋಲುವತನಕ ಬಿಡಲಿಲ್ಲ. ಗಾಡಿ ಎಳೆಯುತ್ತಿದ್ದುದು ಜೋಸ್ ಎಂಬ ಕರಿಕುದುರೆ. ಯಾರ ಮನೆ ಮುಂದೆ ನಿಲ್ಲಬೇಕೆಂದು ಅದಕ್ಕೆ ಯಾರೂ ಹೇಳಬೇಕಿರಲಿಲ್ಲ. ಕೊನೆಗೆ ಮೇವಿಸ್‌ಗೆ ಪೇಟೆಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಅಲ್ಲಿ ಕುದುರೆ ಕಟ್ಟಲು ಜಾಗವೆಲ್ಲಿ?

ಕೊಳ್ಳಲು ಬಂದ ಕ್ಲೈವ್ ರಾಥ್ಮೆಲ್‌ನ ಮಾತು ಬೆಣ್ಣೆ.

“ಇಪ್ಪತ್ತೆರಡು ವರ್ಷ ಆಯ್ತಪ್ಪ ಇದಕ್ಕೆ. ಇನ್ನು ದುಡಿಸೋ ಹಾಗಿಲ್ಲ,” ಎಂದಳು ಮೇವಿಸ್.

“ದುಡಿಸೋದಾ? ಬಿಡ್ತು ಅನ್ನವ್ವ! ನಮ್ಮನೆ ಹಿಂದೇನೇ ಹುಲ್ಲುಗಾವಲಿದೆ. ನನ್ನ ಮಗಳಿಗೆ ಕುದುರೆ ಅಂದ್ರೆ ಪ್ರಾಣ. ಮೇಯ್ಕೊಂಡು ಹಾಯಾಗಿರತ್ತೆ.”

ಆ ಮಾತಿಗೇ ಅವಳು ಒಪ್ಪಿದ್ದು. ಗಾಡಿಗೆ ಹೂಡಲು ಹೆಚ್ಚು ಕೊಡುತ್ತೇನೆಂದು ಬಂದವನನ್ನು ಅಟ್ಟಿದ್ದಳು.

ಚಳಿ ಮುಗಿದಾಗ ಜೋಸ್‌ಗೆಂದು ಗಜ್ಜರಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಕ್ಲೈವನ ಮನೆ ಹಿಂದೆ ಇದ್ದದ್ದು ಕಲ್ಲಿದ್ದಲಿನ ಮಂಡಿ. ಬಾಗಿಲು ತೆಗೆದ ಅವನ ಹೆಂಡತಿ ನಕ್ಕಳು: “ಮಗಳಾ? ನಮಗೆ ಮಕ್ಕಳೇ ಇಲ್ವಲ್ರೀ! ಕುದುರೇನ ಆವಾಗ್ಲೇ ಬ್ರಾಡ್‌ಫರ್ಡ್‌ನೋರಿಗೆ ಮಾರಾಯ್ತು.”

ಮೇವಿಸ್ ಹುಡುಕಿಕೊಂಡು ಹೋದ ವಕೀಲೆ ಮಿಸ್ ಪಿಕರ್ಸ್‌ಗಿಲ್ ಬಿಡಿಸಿ ಹೇಳಿದಳು: “ಸುಳ್ಳು ಹೇಳಿ ಒಪ್ಪಿಸಿದ ಮಾರಾಟ ಇದು, ನೀವು ಮುರಿದು ಹಾಕಬಹುದಿತ್ತು. ಆದ್ರೆ ಅಷ್ಟರೊಳಗೆ ಏನೂ ಅರಿಯದ ಇನ್ನೊಬ್ಬರು ಕೊಂಡುಬಿಟ್ರು. ಈಗ ಕುದುರೆ ಅವರದೇ. ಕ್ಲೈವ್‌ನಿಂದ ಪರಿಹಾರ ಕೊಡಿಸಬಹುದು, ಅಷ್ಟೆ.”

“ಪರಿಹಾರ ತಗೊಂಡು ಏನ್ಮಾಡ್ಲಮ್ಮ?”

ಕಾನೂನು ಕೊಡದಿದ್ದರೆ ಬೇಡಿಯಾದರೂ ತರುತ್ತೇನೆಂದು ಬ್ರಾಡ್‌ಫರ್ಡ್‌ಗೆ ಹೋದಳು. ಕೊಂಡವನು ಸೆಥ್ ಆಕ್ರಾಯ್ಡ್. ಉಣ್ಣೆ ಗಿರಣಿ ಮುಚ್ಚಿದ ಮೇಲೆ ಹಳೆ ಸಾಮಾನಿನ ಗಾಡಿ ಹೂಡಿದ್ದವನು; ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುವ ವಿದ್ಯೆ ಅವನಿಗೆಲ್ಲಿ ಬರಬೇಕು?

“ಹನ್ನೊಂದು ವರ್ಷ ಅಂದಿದ್ದ ಕಣವ್ವ ಆ ಕ್ಲೈವ್,” ಎಂದ ಸೆಥ್, ತಲೆ ತಗ್ಗಿಸಿ. “ಹೋದ ವಾರ ಚರ್ಚಿನ ಏರು ಹತ್ತೋವಾಗ ಕುಸಿದುಬಿತ್ತು. ಮತ್ತೆ ಏಳ್ಲೇ ಇಲ್ಲ.”

ಜಗಳಕ್ಕೂ ಸಿದ್ಧಳಾಗಿ ಬಂದಿದ್ದ ಮೇವಿಸ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಸೆಥ್‌ನ ಹೆಂಡತಿ ಚಹಾ ತಂದು ಅವಳ ಕೈಗಿಟ್ಟಳು.

“ಏನಂತ ಕರೀತಿದ್ರಿ ಅದನ್ನ?” ಸೆಥ್ ಮೆಲ್ಲಗೆ ಕೇಳಿದ.

“ಜೋಸ್.”

“ನಮಗೆ ಡ್ಯೂಕ್ ಅಂತ ಹೇಳಿದ್ದ. ಎಷ್ಟು ಕೂಗಿದ್ರೂ ತಿರುಗ್ತಿರ್ಲಿಲ್ಲ. ಪಾಪ, ಕಿವುಡು ಅಂದ್ಕೊಂಡಿದ್ವಿ.”

ಮೇವಿಸ್ ಚಹಾದ ಬಟ್ಟಲನ್ನು ಕುಡಿಯದೆಯೇ ಮೆಟ್ಟಿಲ ಮೇಲಿಟ್ಟಳು.

ಕ್ಲೈವನ ಮೇಲೆ ಅವಳು ಹೂಡಿದ ಮೊಕದ್ದಮೆಯಲ್ಲಿ ಸೆಥ್ ಅವಳ ಪರ ಸಾಕ್ಷಿ ಹೇಳಿದ. ಅವಳು ಗೆದ್ದಳು. ಹೊರಗೆ ಬಂದು ವಕೀಲೆಗೆ ಹೇಳಿದ್ದಿಷ್ಟೇ: “ಮಾರೋಕೆ ಮುಂಚೆ ಒಂದ್ಸಲ ಹೋಗಿ ಕ್ಲೈವನ ಜಾಗ ನೋಡ್ಕೊಂಡು ಬರಬೇಕಿತ್ತು ನಾನು.”

“ನೋಡದೆ ನಂಬಿದ್ದು ತಪ್ಪಲ್ಲ. ಕಾನೂನೇ ಹಾಗನ್ನತ್ತೆ.”

ಮೇವಿಸ್ ತಲೆಯಾಡಿಸಿದಳು. ಆದರೆ ಆ ಮಾತನ್ನು ಸಾಯುವತನಕ ಒಪ್ಪಿಕೊಳ್ಳಲಿಲ್ಲ.