ಏಳನೆಯ ಕಿಟಕಿ

ನಮ್ಮ ಶಾಲೆಯ ಹಳೆಯ ಸಭಾಂಗಣಕ್ಕೆ ಒಂಬತ್ತು ಕಿಟಕಿಗಳಿದ್ದವು. ಒಂಬತ್ತನ್ನೂ ಇಪ್ಪತ್ತೈದು ವರ್ಷ ಒರೆಸಿದವನು ನಾನು. ಎಂಟರ ಮೇಲೆ ನನ್ನದೇನೂ ತಕರಾರಿಲ್ಲ. ಏಳನೆಯದು ಮಾತ್ರ ನನ್ನ ನೆಮ್ಮದಿ ಕೆಡಿಸಿತು.

ನನ್ನ ಹೆಸರು ಎಮ್ಲಿನ್ ಜೋನ್ಸ್. ನಮ್ಮ ಕಣಿವೆಯಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಜೋನ್ಸ್‌ಗೇ ತಾಗುತ್ತದೆ. ಅದಕ್ಕೇ ಹೆಸರಿನ ಬಾಲಕ್ಕೆ ಕಸುಬನ್ನು ಕಟ್ಟುತ್ತೇವೆ. ನಾನು ಎಮ್ಲಿನ್ ಬಾಯ್ಲರ್. ಶಾಲೆಯ ಬೀಗದ ಕೈ, ಬಾಯ್ಲರು, ಸೋರುವ ನಲ್ಲಿ, ಎಲ್ಲ ನನ್ನ ಪಾಲಿಗೆ. ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ಟೆಗ್ವೆನ್ ಪ್ರಾಸರ್ ಅವರದು. ಮೂವತ್ತಾರು ವರ್ಷ ಅವರು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಗಂಟೆಯ ಗುಂಡಿ ಅವರ ಮೇಜಿನ ಮೇಲಿತ್ತು. ಹಾಗಾಗಿ ಊರಿಗೆಲ್ಲ ಅವರು ಟೆಗ್ವೆನ್ ಗಂಟೆ.

ಮದುವೆಯಾಗಲಿಲ್ಲ. ಭಾನುವಾರ ಚಾಪೆಲ್‌ನಲ್ಲಿ ಹಾಡುತ್ತಿದ್ದರು, ಶುಕ್ರವಾರ ಒಣದ್ರಾಕ್ಷಿ ಹಾಕಿದ ಕಾವಲಿ ರೊಟ್ಟಿ ಮಾಡಿ ತರುತ್ತಿದ್ದರು. ಸಾವಿರದ ಇನ್ನೂರು ಮಕ್ಕಳ ಹೆಸರು ಅವರಿಗೆ ಬಾಯಿಪಾಠ. ತಡವಾಗಿ ಬಂದ ಹುಡುಗ ಬಸ್ಸಿನ ಕಥೆ ಹೇಳಿದರೆ, "ಬಸ್ಸು ನಿನ್ನ ಬಿಟ್ಟು ಬೇಗ್ನೇ ಬಂತಲ್ಲಪ್ಪ, ಅದಕ್ಕೇ ಹಾಜರಿ ಹಾಕ್ಲಾ?" ಅನ್ನುವರು. ಅಂಥ ಗಟ್ಟಿಗಿತ್ತಿ ಮಾರ್ಚ್ ಒಂದರಂದು ಮಾತ್ರ ಸುಣ್ಣದ ಹಾಗೆ ಬಿಳಿಚಿಕೊಂಡು, ಏಳನೆಯ ಕಿಟಕಿಯ ಕೆಳಗೆ ಹೋಗಿ ನಿಲ್ಲುತ್ತಿದ್ದರು.

ಮಾರ್ಚ್ ಒಂದು ನಮ್ಮ ನಾಡಿನ ಸಂತ ಡೇವಿಡ್ಡನ ದಿನ. ಅಂದು ಶಾಲೆಯಲ್ಲಿ ಐಸ್ಟೆದ್‌ವೊಡ್, ಅಂದರೆ ಹಾಡು, ಕುಣಿತ, ಕೊನೆಗೆ ಕವಿತೆಯ ಕುರ್ಚಿ. ಕವಿತೆಯನ್ನು ಗುಪ್ತನಾಮದಲ್ಲಿ ಕೊಡಬೇಕು. ನಿಜವಾದ ಹೆಸರು ಅಂಟಿಸಿದ ಲಕೋಟೆಯೊಳಗೆ. ತೀರ್ಪುಗಾರ ಗೆದ್ದ ಗುಪ್ತನಾಮ ಕೂಗುತ್ತಾನೆ, ಕಹಳೆ ಮೊಳಗುತ್ತದೆ, ಅಷ್ಟು ಜನರ ನಡುವೆ ಒಬ್ಬರು ಎದ್ದು ನಿಲ್ಲುತ್ತಾರೆ. ಆಗ ಲಕೋಟೆ ಒಡೆದು ಹೆಸರು ಓದಿ, ಕವಿಯನ್ನು ಓಕ್ ಮರದ ಹೊಸ ಕುರ್ಚಿಯಲ್ಲಿ ಕೂರಿಸಿ, ಒರೆಯಿಂದ ಅರ್ಧ ಎಳೆದ ಕತ್ತಿ ಹಿಡಿದು ಮೂರು ಸಲ ಸಭೆಯ ಒಪ್ಪಿಗೆ ಕೇಳುತ್ತೇವೆ. ಕುರ್ಚಿ ಕವಿಗೇ ಸೇರುತ್ತದೆ. ಸೋತವರ ಲಕೋಟೆಗಳನ್ನು ಯಾರೂ ಒಡೆಯುವಂತಿಲ್ಲ. ಅವು ನೇರ ನನ್ನ ಬಾಯ್ಲರಿಗೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಹಿಂದೆ ನಿಂತಿದ್ದೆ. ಹುಡುಗರು ಪಂಥ ಕಟ್ಟಿ, ಹಬ್ಬದ ಗುರುತಿಗೆಂದು ಎದೆಗೆ ಸಿಕ್ಕಿಸಿಕೊಂಡ ಈರುಳ್ಳಿ ಜಾತಿಯ ಹಸಿ ಲೀಕ್ ಗಡ್ಡೆಯನ್ನು ಕಚಕಚ ತಿಂದಿದ್ದರು. ನಾನು ಉಜ್ಜಿ ಹೊಳಪು ಮಾಡಿದ ನೆಲದ ಮೇಲೆ ಯಾವನಾದರೂ ಕಕ್ಕಿಯಾನು ಎಂದು ನನಗೆ ದಿಗಿಲು. ತೀರ್ಪುಗಾರ ಹೆಸರು ಕೂಗಿದ. ಎಲ್ಲರೂ ಉಸಿರು ಬಿಗಿಹಿಡಿದರು. ಆ ಗಳಿಗೆಯಲ್ಲಿ ಏಳನೆಯ ಗಾಜಿನ ಮೇಲೆ ಅಂಗೈಯಗಲ ಮಂಜು ಕಟ್ಟಿತು, ಸಣ್ಣದಾಯಿತು, ಮತ್ತೆ ಹರಡಿತು. ಯಾರೋ ಗಾಜಿಗೆ ಮುಖ ಒತ್ತಿ ಉಸಿರಾಡುತ್ತಿದ್ದ ಹಾಗೆ. ಯಾವುದೋ ಹುಡುಗಿ ಎದ್ದು ನಿಂತಳು, ಚಪ್ಪಾಳೆ ಬಿತ್ತು. ನಾನು ಬಟ್ಟೆ ತೆಗೆದುಕೊಂಡು ಹೋಗಿ ಒರೆಸಿದೆ. ಹೋಗಲಿಲ್ಲ. ಮಂಜು ಇದ್ದದ್ದು ಹೊರಗಡೆ.

ಹೊರಗೆ ಓಡಿದೆ. ಆ ಬದಿಯಲ್ಲಿ ಗುಡ್ಡ ಕಡಿದಾಗಿ ಇಳಿಯುತ್ತದೆ. ಕಿಟಕಿಗೂ ನೆಲಕ್ಕೂ ಹನ್ನೆರಡು ಅಡಿ. ಕೆಳಗೆ ತುರುಚೆ ಗಿಡ, ಒಂದು ಎಲೆಯೂ ಮುರಿದಿರಲಿಲ್ಲ.

ಮರುವರ್ಷವೂ ಅದೇ. ಮೂರನೆಯ ವರ್ಷ ನಾನೂ ಹಟಕ್ಕೆ ಬಿದ್ದೆ. ಏಣಿ ಹಾಕಿ ಹೊರಗಿನಿಂದ ಏಳನೆಯ ಕಿಟಕಿಗೆ ಹತ್ತಿ, ಕಾದು ನಿಂತೆ. ಹಾಡಹಗಲು, ಒಳ್ಳೆಯ ಬಿಸಿಲು. ಒಳಗೆ ತೀರ್ಪುಗಾರನ ಬಾಯಾಡುವುದು ಕಂಡಿತು. ನಾನು ಉಸಿರು ಕಟ್ಟಿದೆ. ಆದರೂ ನನ್ನ ಮೂಗಿನ ಮುಂದೆ ಗಾಜು ಮಬ್ಬಾಯಿತು. ನನ್ನ ಎಡಗಿವಿಯ ಪಕ್ಕದಲ್ಲೇ ಯಾರೋ ಉಸಿರೆಳೆದುಕೊಂಡ ಸದ್ದು. ಜೊತೆಗೆ ಕಲ್ಲಿದ್ದಲ ಪುಡಿಯ ವಾಸನೆ. ಏಣಿಯಿಂದ ಹೇಗೆ ಇಳಿದೆನೋ ದೇವರೇ ಬಲ್ಲ. ನಾನು ಹೆದರುಪುಕ್ಕಲನಲ್ಲ, ಅವತ್ತು ಹೆದರಿದೆ ಅಂತ ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ನೇರ ಕಚೇರಿಗೆ ಹೋದೆ. ಹಿಂದೆಯೇ ಸಭಾಂಗಣದಿಂದ ಬಂದ ಟೆಗ್ವೆನ್ ನನ್ನ ಮುಖ ನೋಡಿ, ಕೇಳದೆಯೇ ಚಹಾ ಬಗ್ಗಿಸಿದರು.

"ಏಣಿ ಹತ್ತಿದ್ಯಾ, ಎಮ್ಲಿನ್?"

"ನಿಮಗೆ ಹೆಂಗೆ ಗೊತ್ತು, ಮಿಸ್?"

"ಒಳಗಿಂದ ನೋಡ್ತಿದ್ನಲ್ಲೋ. ಗಾಜಿನಾಚೆ ನಿನ್ನ ಮೂತಿ ಕಾಣ್ತು. ನಿನ್ನ ಪಕ್ಕ ಏನಾದ್ರೂ ಕಾಣುತ್ತೇನೋ ಅಂತ ಕಣ್ಣು ಕೀಲಿಸ್ಕೊಂಡು ನೋಡ್ದೆ." ಬಟ್ಟಲನ್ನು ನನ್ನ ಮುಂದೆ ಸರಿಸಿದರು. "ಅವನು ನನ್ನ ತಮ್ಮ ಕಣೋ. ಇಲ್ಟಿಡ್. ನನಗಿಂತ ಕಾಲು ಗಂಟೆ ಚಿಕ್ಕವನು."

ಅವಳಿಗಳು. ಹನ್ನೊಂದನೆಯ ವಯಸ್ಸಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ಪರೀಕ್ಷೆ ಬರೆದರು. ಆಗಿನ ಕಾಲದಲ್ಲಿ ಆ ಒಂದು ಬೆಳಗ್ಗೆ ಮಕ್ಕಳ ಹಣೆಬರಹ ಬರೆದುಬಿಡುತ್ತಿತ್ತು. ಪಾಸಾದವರು ಗುಡ್ಡದ ಮೇಲಿನ ಶಾಲೆಗೆ: ಲ್ಯಾಟಿನ್, ಕಪ್ಪು ನಿಲುವಂಗಿಯ ಮಾಸ್ತರರು. ನಪಾಸಾದವರು ಕೆಳಗಿನ ಶಾಲೆಗೆ: ಮರಗೆಲಸ, ಹದಿನೈದಕ್ಕೆ ಗಣಿ. ನಡುವೆ ನೂರ ಅರವತ್ತನಾಲ್ಕು ಮೆಟ್ಟಿಲು. ಟೆಗ್ವೆನ್ ಮೇಲೆ ಹತ್ತಿದರು, ಇಲ್ಟಿಡ್ ಕೆಳಗುಳಿದ. ಆದರೆ ಮನೆಯಲ್ಲಿ ಕವಿತೆ ಕಟ್ಟುತ್ತಿದ್ದವನು ಅವನು.

೧೯೭೧ರ ಮಾರ್ಚಿಗೆ ಮುಂಚೆ ಅವನು ಅಕ್ಕನ ಕೈಗೆ ಒಂದು ಕವಿತೆಯನ್ನೂ ಅಂಟಿಸಿದ ಲಕೋಟೆಯನ್ನೂ ಕೊಟ್ಟ. ಗುಪ್ತನಾಮ "ಕೆಳಗಿನ ಮೆಟ್ಟಿಲು". ಮೇಲಿನ ಶಾಲೆಯ ಕುರ್ಚಿಗೆ ಅಲ್ಲಿನ ಮಕ್ಕಳು ಮಾತ್ರ ಬರೆಯಬಹುದಿತ್ತು.

"ಒಳಗೆ ಯಾರ ಹೆಸರಿದೆ ಅಂತ ಕೇಳ್ಬೇಡ ಅಂದ. ಕೂಗಿದಾಗ ಎದ್ದು ನಿಲ್ಲು, ಅಷ್ಟೇ ಸಾಕು ಅಂದ," ಎಂದರು ಟೆಗ್ವೆನ್. "ಆವಾಗ ಆ ಕಿಟಕಿ ಕೆಳಗೆ ಬಾಯ್ಲರಿನ ಕಲ್ಲಿದ್ದಲ ರಾಶಿ ಇತ್ತು, ಕಿಟಕಿ ಮಟ್ಟಕ್ಕೆ. ಶಾಲೆ ತಪ್ಪಿಸಿ ಬಂದು ಅದರ ಮೇಲೆ ನಿಂತಿದ್ದ. ಗೆದ್ದಿದ್ದು ಅದೇ ಕವಿತೆ. ಮೂರು ಸಲ ಕೂಗಿದ್ರು ಎಮ್ಲಿನ್. ನಾನು ಏಳಲಿಲ್ಲ."

"ಯಾಕೆ?"

"ಲಕೋಟೆ ಒಡೆದ್ರೆ ಅವನ ಹೆಸರು ಬರುತ್ತಲ್ಲ. ತಮ್ಮನ ಕವಿತೆ ಕದ್ದು ತಂದೋಳು ಅಂತ ಎಲ್ಲರೆದುರು ಬಯಲಾಗ್ತೀನಲ್ಲ. ಶಾಲೆಯಿಂದ ಓಡಿಸ್ತಾರಲ್ಲ. ಬೆಂಚಿಗೆ ಅಂಟ್ಕೊಂಡು ಕೂತೆ. ಗಾಜು ಮಬ್ಬಾಗ್ತಾ ಇತ್ತು, ತಿಳಿಯಾಗ್ತಾ ಇತ್ತು. ನಾನು ಅತ್ತ ತಿರುಗಲೂ ಇಲ್ಲ."

ಕುರ್ಚಿ ಆ ವರ್ಷ ಖಾಲಿ ಉಳಿಯಿತು. ಇಲ್ಟಿಡ್ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಬೇಸಿಗೆಯಲ್ಲಿ ಗಣಿಗೆ ಇಳಿದ. ನವೆಂಬರಿನಲ್ಲಿ ಸುರಂಗದ ಮಾಡು ಕುಸಿದು ಸತ್ತ.

ಎರಡು ವರ್ಷದ ಮೇಲೆ ಸರ್ಕಾರ ಎರಡೂ ಶಾಲೆಗಳನ್ನು ಒಂದುಗೂಡಿಸಿ ಎಲ್ಲ ಮಕ್ಕಳಿಗೂ ಒಂದೇ ಕಾಂಪ್ರಹೆನ್ಸಿವ್ ಶಾಲೆ ಮಾಡಿತು. ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ. ಮೇಲಿನ ಮಾಸ್ತರರು ಕೆಳಗಿನವರ ಜೊತೆ ಒಂದೇ ಕೋಣೆಯಲ್ಲಿ ಚಹಾ ಕುಡಿಯುತ್ತಿರಲಿಲ್ಲ. ಬಾಯ್ಲರು ಎಣ್ಣೆಗೆ ಬದಲಾಯಿತು, ಕಲ್ಲಿದ್ದಲ ರಾಶಿಯನ್ನು ಬಾಚಿ ಒಯ್ದರು. ಅದೇ ವರ್ಷ ಗುಮಾಸ್ತೆಯಾಗಿ ಸೇರಿದ ಟೆಗ್ವೆನ್‌ಗೆ ಕಚೇರಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಆ ಲಕೋಟೆ ಸಿಕ್ಕಿತು. ಯಾರೂ ಒಡೆದಿರಲಿಲ್ಲ, ಸುಟ್ಟೂ ಇರಲಿಲ್ಲ.

"ಬಾಯ್ಲರಿಗೆ ಹಾಕಿಬಿಡ್ಲಾ, ಮಿಸ್?" ಎಂದೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

"ಹಾಕಿದ್ರೆ ಅವನನ್ನೇ ಸುಟ್ಟ ಹಾಗೆ. ಒಡೆದ್ರೆ ಅವನ ಕೈಬರಹದಲ್ಲೇ ನನ್ನ ಕಳ್ಳತನ. ಎರಡಕ್ಕೂ ಧೈರ್ಯ ಇಲ್ಲ ಕಣೋ."

ಅಲ್ಲಿಂದ ಇಪ್ಪತ್ತೆರಡು ವರ್ಷ ನಾವಿಬ್ಬರೂ ಆ ಮಾತೆತ್ತಲಿಲ್ಲ. ಮಾರ್ಚ್ ಒಂದರಂದು ಅವರು ಒಳಗೆ ಕಿಟಕಿಯ ಕೆಳಗೆ ನಿಲ್ಲುವರು, ನಾನು ಅವರ ಪಕ್ಕ ನಿಲ್ಲುವೆ. ಮಂಜು ಬರುವುದು, ಯಾರೋ ಎದ್ದು ನಿಂತ ಮೇಲೆ ಮೆಲ್ಲಗೆ ಕರಗುವುದು.

೨೦೦೯ರಲ್ಲಿ ಹೊಸ ಕಟ್ಟಡ ಎದ್ದಿತು. ಈಸ್ಟರ್ ರಜೆಯಲ್ಲಿ ಹಳೆಯ ಸಭಾಂಗಣ ಕೆಡವುವುದೆಂದು ತೀರ್ಮಾನವಾಯಿತು. ಮಾರ್ಚ್ ಒಂದು ಆ ವರ್ಷ ಭಾನುವಾರ, ಹಾಗಾಗಿ ಮಾರನೆಯ ದಿನ ಅಲ್ಲಿ ಕೊನೆಯ ಐಸ್ಟೆದ್‌ವೊಡ್.

ಬೆಳಗ್ಗೆ ಟೆಗ್ವೆನ್ ಕಬ್ಬಿಣದ ಪೆಟ್ಟಿಗೆ ತೆರೆಯುವುದನ್ನು ಕಂಡೆ. "ಗೋಡೆ ಬಿದ್ಮೇಲೆ ಅವನು ಎಲ್ಲಿ ನಿಂತ್ಕೋತಾನೆ, ಎಮ್ಲಿನ್?" ಎಂದರು. ಲಕೋಟೆಯನ್ನು ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನ ತೀರ್ಪುಗಾರ ಪಾದ್ರಿ ಹೆಡಿನ್ ರೀಸ್ ಗಂಟಲು ಸರಿಮಾಡಿಕೊಂಡರು. "ಕ್ಷಮಿಸ್ಬೇಕು. ಈ ಸಲ ಕುರ್ಚಿಗೆ ತಕ್ಕ ಕವಿತೆ ಒಂದೂ ಬರ್ಲಿಲ್ಲ."

"ಲೀಕ್ ತಿಂದು ತೇಗ್ತಾ ಬರೆದ್ರೆ ಇನ್ನೇನಾಗುತ್ತೆ!" ಎಂದು ಹಿಂದಿನಿಂದ ಒಬ್ಬ ಕೂಗಿದ. ನಗು ಎದ್ದಿತು. ಆದರೆ ನಗು ಬೇಗ ಸತ್ತಿತು, ಯಾಕೆಂದರೆ ಚಳಿ ಏರುತ್ತಿತ್ತು. ಬಾಯ್ಲರು ಪೂರ್ತಿ ಉರಿಯುತ್ತಿದ್ದುದನ್ನು ನಾನೇ ನೋಡಿ ಬಂದಿದ್ದೆ.

ಅವತ್ತು ಯಾರ ಹೆಸರೂ ಕೂಗಿರಲಿಲ್ಲ. ಆದರೂ ಏಳನೆಯ ಗಾಜಿನ ಮೇಲೆ ಮಂಜು ಬಂದಿತ್ತು. ಈ ಸಲ ಅದು ಕರಗಲಿಲ್ಲ. ಯಾರೂ ಎದ್ದು ನಿಲ್ಲದ್ದರಿಂದ ಅದು ಹರಡುತ್ತಾ ಹೋಗಿ ಇಡೀ ಗಾಜನ್ನು ಮುಚ್ಚಿತು. ಉಸಿರು ಬರಬರುತ್ತಾ ಜೋರಾಯಿತು. ಈಗ ಅದು ಕೇಳಿಸುತ್ತಲೂ ಇತ್ತು. ಕಿಟಕಿಯ ಬಳಿಯ ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡರು.

ಟೆಗ್ವೆನ್ ವೇದಿಕೆಯತ್ತ ನಡೆದರು.

"ಮೂವತ್ತೆಂಟು ವರ್ಷದ ಹಿಂದೆ ಇಲ್ಲಿ ಒಂದು ಕವಿತೆ ಗೆದ್ದಿತ್ತು," ಎಂದರು. "ಬರೆದೋನು ಕೆಳಗಿನ ಶಾಲೆಯ ನನ್ನ ತಮ್ಮ. ತಂದು ಕೊಟ್ಟೋಳು ನಾನು. ಮರ್ಯಾದೆಗೆ ಅಂಜಿ ಎದ್ದು ನಿಲ್ಲಲಿಲ್ಲ. ಇವತ್ತು ಅವನ ಹೆಸರು ಇಲ್ಲಿ ಕೂಗ್ಬೇಕು." ಲಕೋಟೆ ಒಡೆದು, ಹಾಳೆ ಬಿಡಿಸಿದರು. ನೋಡಿದರು. ಹಾಳೆಯನ್ನು ಪಾದ್ರಿಯತ್ತ ಚಾಚಿದರು.

ಪಾದ್ರಿ ಹಾಳೆಯನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದರು: "ಕೆಳಗಿನ ಮೆಟ್ಟಿಲು ಅಂದರೆ ಟೆಗ್ವೆನ್ ಪ್ರಾಸರ್. ಈ ಕವಿತೆಯನ್ನು ಅವಳಿಗೇ ಕೊಟ್ಟಿದ್ದೇನೆ. ಇಲ್ಟಿಡ್."

ಆ ಹುಡುಗ ರಾಶಿಯ ಮೇಲೆ ನಿಂತು ಕಾದದ್ದು ತನ್ನ ಹೆಸರಿಗಲ್ಲ, ಅಕ್ಕನ ಹೆಸರಿಗೆ.

ಕಹಳೆ ಹಿಡಿದ ಹುಡುಗಿಗೆ ಯಾರೂ ಹೇಳಲಿಲ್ಲ, ಅವಳಾಗಿಯೇ ಊದಿದಳು. ಪಾದ್ರಿ ಟೆಗ್ವೆನ್ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕತ್ತಿಯನ್ನು ಒರೆಯಿಂದ ಅರ್ಧ ಎಳೆದು ರೂಢಿಯಂತೆ ಕೇಳಿದರು: "ಶಾಂತಿಯೇ?"

"ಶಾಂತಿ!" ಎಂದಿತು ಸಭೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನಾವೆಲ್ಲ ಕೂಗಿ ಮುಗಿಸಿದ ಮೇಲೆ, ಒಂದು ಗಳಿಗೆ ತಡೆದು, ಆಗತಾನೇ ಒಡೆದ ಗಂಟಲಿನ ಒಬ್ಬ ಹುಡುಗನ ದನಿ ಕಿಟಕಿಯಾಚೆಯಿಂದ "ಶಾಂತಿ" ಎಂದಿತು. ಸಾವಿರದ ಇನ್ನೂರು ತಲೆಗಳು ಒಟ್ಟಿಗೆ ಅತ್ತ ತಿರುಗಿದವು. ಗಾಜು ಅಂಚಿನಿಂದ ಒಳಕ್ಕೆ ಒಣಗುತ್ತಿತ್ತು.

ಸಂಜೆ ಶಾಲೆ ಬಿಟ್ಟ ಮೇಲೆ ಕುರ್ಚಿ ಹೊತ್ತು ಟೆಗ್ವೆನ್ ಅವರ ಹಿಂದೆ ನೂರ ಅರವತ್ತನಾಲ್ಕು ಮೆಟ್ಟಿಲು ಇಳಿದೆ. ಇನ್ನೂ ಬೆಳಕಿತ್ತು. ಕೊನೆಯ ಮೆಟ್ಟಿಲ ಮೇಲೆ ಅದನ್ನು ಇಳಿಸು ಎಂದರು.

"ಎದ್ದು ನಿಲ್ಲು ಅಂತ ಒಂದೇ ಒಂದು ಮಾತು ಕೇಳಿದ್ದ," ಎಂದರು. "ಅಷ್ಟೂ ವರ್ಷ ಚಳೀಲಿ ನಿಲ್ಲಿಸಿಬಿಟ್ಟೆ."

ಆಮೇಲೆ ನನ್ನತ್ತ ಅಲ್ಲ, ಕುರ್ಚಿಯತ್ತ ತಿರುಗಿ ನೆಟ್ಟಗೆ ನಿಂತರು. "ಈಗ ನೀನು ಕೂತ್ಕೊಳೋ. ನಾನು ನಿಂತಿರ್ತೀನಿ."

ಗಾಳಿ ಇರಲಿಲ್ಲ. ಕುರ್ಚಿಯ ಹೊಸ ಓಕ್ ಮರ, ಯಾರೋ ಭಾರ ಬಿಟ್ಟಂತೆ ಒಂದು ಸಲ ಕಿರ್ರೆಂದಿತು. ನಾನು ಟೋಪಿ ತೆಗೆದೆ.